ನಾನು ಬದುಕಿಸಿದ ಗೂಢಚಾರಿಣಿ

ಖಟಕ್. ಆಮೇಲೆ ಏನನ್ನೋ ಒಳಗೆಳೆದುಕೊಳ್ಳುವ ಗುರುಗುರು ಸದ್ದು. ಕೊನೆಗೆ, ಭಾಷಣಕ್ಕೆ ನಿಂತವರು ಗಂಟಲು ಸರಿಮಾಡಿಕೊಂಡಂತೆ ಒಂದು ಸಣ್ಣ ಕೆಮ್ಮು. ವಿ.ಸಿ.ಆರ್. ಕ್ಯಾಸೆಟ್ ನುಂಗುವ ಸದ್ದು ಇದು. ನಿಮಗೆ ನಲವತ್ತು ದಾಟಿದ್ದರೆ ಈಗಾಗಲೇ ಕಿವಿಯಲ್ಲಿ ಕೇಳಿಸಿರಬೇಕು. ಮೊನ್ನೆ ಭಾನುವಾರ ಊಟದ ಟೇಬಲ್ಲಿನ ಮುಂದೆ ನನಗೆ ಅದು ಕೇಳಿಸಿತು. ನನ್ನ ಮನೆಯಲ್ಲಿ ವಿ.ಸಿ.ಆರ್. ಇಲ್ಲ, ಎಂದೂ ಇರಲಿಲ್ಲ. ಅದನ್ನು ಎಬ್ಬಿಸಿದ್ದು ಒಂದು ಜಗಳ.

ತಂಗಿಯ ಮಗಳು ಮೃದುಲಾ ಮತ್ತು ಅವಳ ಗಂಡ ಪ್ರಸಾದ, ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಲೆಂದು ಧಾರವಾಡದಿಂದ ಬಂದು ನನ್ನಲ್ಲಿ ಇಳಿದಿದ್ದರು. ನದಿಯಲ್ಲಿ ನೆನೆದು, ಹಸಿದು ಬಂದವರು ಅನ್ನಕ್ಕೆ ಸಾರು ಹಾಕಿಕೊಳ್ಳುವ ಮೊದಲೇ ಕಾದಾಟಕ್ಕೆ ನಿಂತರು. ವಿಷಯ: ಯಾವುದೋ ಸ್ಪೈ ಸಿನಿಮಾದ ಎರಡನೇ ಭಾಗ ಮೊದಲನೆಯದರ ಸಮಕ್ಕೆ ನಿಲ್ಲುತ್ತದೋ ಇಲ್ಲವೋ.

"ಸೀಕ್ವೆಲ್ ಅಂದ್ರ ಹಿಂಗಿರಬೇಕು. ಏನು ಆಕ್ಷನ್ನು, ಏನು ಚೇಸು! ಇದು ಮೊದಲನೇದರ ಅಪ್ಪ" ಎಂದ ಪ್ರಸಾದ.

"ಏನ್ ಅಪ್ಪ? ಮೊದಲನೇದರಾಗ ಆ ಹುಡುಗಿ ಎಷ್ಟು ಶಾಣ್ಯಾ ಇದ್ದಳು. ಇದರಾಗ ಹತ್ತು ನಿಮಿಷಕ್ಕ ಆಕಿನ್ನ ಕೊಂದು ಹಾಕ್ಯಾರ."

"ಕೊಲ್ಲಲಿಲ್ಲಂದ್ರ ಹೀರೋಗ ಸಿಟ್ಟು ಹೆಂಗ ಬರಬೇಕು? ಅದಕ್ಕ ಮೋಟಿವೇಶನ್ ಅಂತಾರ."

ನಾನು ಸೌಟನ್ನು ಪಾತ್ರೆಯೊಳಗೆ ಬಿಟ್ಟ ಸದ್ದಿಗೆ ಇಬ್ಬರೂ ಬೆಚ್ಚಿದರು. "ಅವಗ ಸಿಟ್ಟು ಬರಲಿ ಅಂತ ಆಕಿ ಯಾಕ ಸಾಯಬೇಕು?" ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. "ಅವನ ಸಿಟ್ಟು ಅವನೇ ತಂದುಕೊಳ್ಳಲಿ!" ಎಪ್ಪತ್ತೈದು ವರ್ಷದ ಹೆಂಗಸು ಸಿನಿಮಾ ವಿಷಯಕ್ಕೆ ಹೀಗೆ ರೇಗಬಾರದು, ಗೊತ್ತು. ಆದರೆ ಈ ಸಿಟ್ಟು ಹಳೆಯದು.

ತೊಂಬತ್ತರ ದಶಕದಲ್ಲಿ ನಾನು ದಾಂಡೇಲಿಯ ಒಂದು ಇಂಗ್ಲಿಷ್ ಶಾಲೆಯಲ್ಲಿ ಟೀಚರ್. ಮಕ್ಕಳಿಗೆ 'ಮಿಸ್', ಅವರ ತಾಯಂದಿರಿಗೆ 'ಅಕ್ಕೋರು'. ನಾನಿದ್ದ ಕಾಗದದ ಮಿಲ್ಲಿನ ಕ್ವಾರ್ಟರ್ಸ್ ಸಾಲಿನಲ್ಲಿ ವಿ.ಸಿ.ಆರ್. ಇದ್ದದ್ದು ಕಮಲಾಬಾಯಿಯವರ ಮನೆಯಲ್ಲಿ ಮಾತ್ರ. ಭಾನುವಾರ ಮಧ್ಯಾಹ್ನ ಗಂಡಸರು ಗಾಳ ಹಿಡಿದು ಮೀನಿಗೆಂದು ಕೋಗಿಲಬನದ ಕಡೆ ಹೋದ ಮೇಲೆ ಆ ಮನೆಯ ಚಾಪೆಯ ಮೇಲೆ ನಾವು ಏಳೆಂಟು ಹೆಂಗಸರು ಸೇರುತ್ತಿದ್ದೆವು. ಕಮಲಾಬಾಯಿಯವರ ಯಜಮಾನರು ಬೆಳಗಾವಿಯಿಂದ ತರುತ್ತಿದ್ದವು ಹೆಚ್ಚಾಗಿ ಇಂಗ್ಲಿಷ್ ಹೊಡೆದಾಟದ ಕ್ಯಾಸೆಟ್ಟುಗಳು. ಹಾಗಾಗಿ ಟಿ.ವಿ.ಯ ಪಕ್ಕದ ಏಕೈಕ ಕುರ್ಚಿ ನನಗೆ ಮೀಸಲು. ತೆರೆಯ ಮೇಲೆ ಅವರು ಇಂಗ್ಲಿಷಿನಲ್ಲಿ ಹೇಳಬೇಕು, ನಾನು ಕೂಡಲೇ ಕನ್ನಡದಲ್ಲಿ ಹೇಳಬೇಕು.

ಈಗೊಂದು ಮಾತು ಒಪ್ಪಿಕೊಳ್ಳುತ್ತೇನೆ. ಅವರು ಹೇಳುತ್ತಿದ್ದುದು ನನಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ.

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ ಇಂಗ್ಲಿಷ್ ಬೇರೆ. ಎಲೊಕ್ಯೂಶನ್ನಿನಲ್ಲಿ ನನಗೆ ಮೂರು ವರ್ಷ ಫಸ್ಟ್ ಪ್ರೈಜ್. ಒಂದೊಂದು ಶಬ್ದವನ್ನೂ ತೊಳೆದು, ಒರೆಸಿ, ಕಪಾಟಿನಲ್ಲಿ ಇಡುವ ಹಾಗೆ ಉಚ್ಚರಿಸಬೇಕು. ಈ ಸ್ಪೈಗಳೋ ಬಾಯಲ್ಲಿ ಬಿಸಿ ಭಜಿ ಇಟ್ಟುಕೊಂಡವರಂತೆ ಮಾತಾಡುವವರು. ಅದರ ಮೇಲೆ ಗುಂಡಿನ ಸದ್ದು ಬೇರೆ. "ತಿಳೀಲಿಲ್ಲ" ಎಂದರೆ ನನ್ನ ಕುರ್ಚಿಯ ಗತಿ? ಆದ್ದರಿಂದ ತಿಳಿಯದ ಕಡೆ ನಾನೇ ಕಟ್ಟಿ ಹೇಳುತ್ತಿದ್ದೆ.

ಹಾಗೆ ಬಂದ ಒಂದು ಸಿನಿಮಾದಲ್ಲಿ ಹಸಿರು ಕೋಟಿನ ಒಬ್ಬ ಗೂಢಚಾರಿಣಿ ಇದ್ದಳು. ತಲೆಯ ಹೇರ್‌ಪಿನ್ನಿನಿಂದ ತಿಜೋರಿ ತೆಗೆಯುತ್ತಿದ್ದಳು. ಬಂದೂಕು ಹಿಡಿದ ನಾಲ್ಕು ಜನರನ್ನು ಬರೀ ಮಾತಿನಲ್ಲೇ ಮಂಗ ಮಾಡುತ್ತಿದ್ದಳು. ಅವಳು ಯಾರು, ಎಲ್ಲಿಯವಳು, ನನಗೇನು ಗೊತ್ತು? ಸಾಲಿ ಮಾಸ್ತರರ ಹಿರಿಯ ಮಗಳು, ಇಬ್ಬರು ತಂಗಿಯರನ್ನು ಓದಿಸುವ ಹೊಣೆ ಇವಳ ಮೇಲಿದೆ ಎಂದೆ.

"ಅದಕ್ಕ ಆಕಿ ಲಗ್ನಾ ಮಾಡ್ಕೊಂಡಿಲ್ಲ ನೋಡ್ರಿ" ಎಂದರು ಕಮಲಾಬಾಯಿ, ನನ್ನ ಕಡೆ ಒಮ್ಮೆ ನೋಡಿ. ನಾನು ನೋಡದವಳ ಹಾಗೆ ಕುಳಿತೆ.

ನನ್ನ ಕುರ್ಚಿಯ ಕಾಲಿಗೇ ಒರಗಿ ಕುಳಿತುಕೊಳ್ಳುತ್ತಿದ್ದವಳು ಶಶಿಕಲಾ. ಹಳಿಯಾಳದ ಕಡೆಯ ಹಳ್ಳಿಯವಳು, ಗಂಡ ಮಿಲ್ಲಿನಲ್ಲಿ. ಆ ಸಾಲಿನಲ್ಲಿ ನನಗೆ ಗೆಳತಿ ಎಂದು ಇದ್ದವಳು ಅವಳೊಬ್ಬಳೇ. ಅವಳ ತಂಗಿಯನ್ನು ಮುಂಡಗೋಡದ ಒಂದು ಹಳ್ಳಿಗೆ ಕೊಟ್ಟಿದ್ದರು. ಮದುವೆಯಾಗಿ ಎರಡು ವರ್ಷಕ್ಕೆ ಆ ಹುಡುಗಿ ಒಂದು ಬೆಳಗ್ಗೆ ಮನೆಯಿಂದ ಹೋದಳು, ಮರಳಿ ಬರಲಿಲ್ಲ. ಕೆರೆಯ ದಂಡೆಯಲ್ಲಿ ಚಪ್ಪಲಿ ಸಿಕ್ಕವು ಎಂದು ಗಂಡನ ಮನೆಯವರು ಹೇಳಿದರು. ಹಳಿಯಾಳ ಸ್ಟ್ಯಾಂಡಿನಲ್ಲಿ ಗೋವಾ ದಾರಿಯ ರಾಮನಗರದ ಬಸ್ಸು ಹತ್ತಿದ್ದನ್ನು ಕಂಡೆ, ಗೋವಾಕ್ಕೆ ಹೋಗಿರಬೇಕು ಎಂದು ಬಳೆಗಾರ್ತಿಯೊಬ್ಬಳು ಹೇಳಿದಳು. ಮನೆಯವರೆಲ್ಲ ಚಪ್ಪಲಿ ನಂಬಿದರು. ಶಶಿ ಬಳೆಗಾರ್ತಿಯನ್ನು ನಂಬಿದಳು.

ಸಿನಿಮಾದ ಕೊನೆಗೆ ಹಸಿರು ಕೋಟಿನವಳು ಸೇತುವೆಯಿಂದ ನದಿಗೆ ಬಿದ್ದಳು. ಹೀರೋ ಆಫೀಸಿಗೆ ಓಡಿ ಬಂದ. ಮೇಜಿನ ಹಿಂದಿನ ಬೋಳುತಲೆಯವನು ಎದ್ದು ನಿಂತು ಮೂರು ಶಬ್ದ ಹೇಳಿದ: "ಶೀ ಈಸ್ ಡೆಡ್." ಇಡೀ ಸಿನಿಮಾದಲ್ಲಿ ನನಗೆ ಸ್ವಚ್ಛವಾಗಿ ತಿಳಿದ ಮಾತು ಅದೊಂದೇ. ಸಿಸ್ಟರ್‌ಗಳೇ ಕಲಿಸಿದ ಹಾಗಿತ್ತು.

ಕೆಳಗೆ ನೋಡಿದೆ. ಶಶಿ ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ನನ್ನ ಬಾಯನ್ನೇ ನೋಡುತ್ತಿದ್ದಳು.

"ಸಿಕ್ಕಳಂತ" ಎಂದೆ. "ಕೆಳಗ ಮೀನುಗಾರರು ಎತ್ತಿದರಂತ. ಬ್ಯಾರೆ ಊರಾಗ ಆರಾಮ ಇರ್ತೇನಿ, ನನ್ನ ಹುಡುಕಬ್ಯಾಡ್ರಿ ಅಂತ ಹೇಳಿ ಕಳಿಸ್ಯಾಳಂತ."

"ಮತ್ತ ಇಂವಾ ಯಾಕ ಅಳಾಕತ್ತಾನ?" ಎಂದರು ಕಮಲಾಬಾಯಿ.

"ಸಂತೋಷಕ್ಕ."

ಎಲ್ಲರೂ ನಕ್ಕರು. ಶಶಿ ನಗಲಿಲ್ಲ. ಸೆರಗು ಬಿಟ್ಟಳು, ಉಸಿರೂ ಬಿಟ್ಟಳು.

ಅದು ಕರುಣೆಯೋ ಕುರ್ಚಿಯ ಸೊಕ್ಕೋ ಎಂದು ನೀವು ಕೇಳಿದರೆ ಇವತ್ತಿಗೂ ಹೇಳಲಾರೆ. ಅಂತೂ ಆ ಕ್ಯಾಸೆಟ್ಟು ನಮ್ಮ ಸಾಲಿನ ಆಸ್ತಿಯಾಯಿತು. ಮತ್ತೆ ಮತ್ತೆ ಹಾಕಿಸಿದರು. ಪ್ರತಿಸಲ ನಾನು ಅದೇ ಮಾತು ಹೇಳಬೇಕು, ಒಂದು ಶಬ್ದ ತಪ್ಪಿದರೂ ಶಶಿ ಕೆಳಗಿನಿಂದ ತಿದ್ದುತ್ತಿದ್ದಳು. ಆ ಮಾತನ್ನು ಅವಳು ಚಾಪೆಯ ಮೇಲಿನಿಂದ ಎಬ್ಬಿಸಿಕೊಂಡು ತವರುಮನೆಗೆ ಒಯ್ದಿದ್ದಾಳೆಂಬುದು ಮಾತ್ರ ನನಗೆ ತಿಳಿಯಲಿಲ್ಲ.

ನಾಲ್ಕೈದು ವರ್ಷ ಕಳೆದ ಮೇಲೆ ಎರಡನೇ ಭಾಗ ಬಂತು. ಅಷ್ಟರಲ್ಲಿ ಸಿ.ಡಿ. ಕಾಲ. ಅದೂ ಹಿಂದಿಗೆ ಡಬ್ಬಿಂಗ್ ಆಗಿ ಬಂದಿತ್ತು. ದಾಂಡೇಲಿಯಲ್ಲಿ ಹಿಂದಿ ತಿಳಿಯದವರು ಯಾರು? ನನ್ನ ಕುರ್ಚಿ ಬೇಕಾಗಿರಲಿಲ್ಲ, ಆದರೂ ಇಟ್ಟಿದ್ದರು. ಕಮಲಾಬಾಯಿ ಒಂದು ಬುಟ್ಟಿ ಚುರುಮುರಿ ಗಿರಮಿಟ್ಟು ಕಲೆಸಿದ್ದರು. ಹಸಿರು ಕೋಟಿನವಳು ಯಾವ ಊರಲ್ಲಿದ್ದಾಳೆ ಎಂದು ನೋಡಲು ಎಲ್ಲರೂ ಹುರುಪಿನಿಂದ ಕುಳಿತರು.

ಮೊದಲ ದೃಶ್ಯವೇ ಸಮಾಧಿ. ಹೀರೋ ಮಂಡಿಯೂರಿ ಹೂವಿಟ್ಟ. ನೀನು ನದಿಯಲ್ಲಿ ಸತ್ತ ದಿನದಿಂದ ನನಗೆ ನಿದ್ದೆಯಿಲ್ಲ, ಒಬ್ಬೊಬ್ಬನನ್ನೂ ಮುಗಿಸುತ್ತೇನೆ ಎಂದು ಶುದ್ಧ ಹಿಂದಿಯಲ್ಲಿ ಶಪಥ ಮಾಡಿದ. ಆಮೇಲೆ ಎರಡು ಗಂಟೆ ಮುಗಿಸುತ್ತಲೇ ಹೋದ. ಅವಳ ಶಾಣ್ಯಾತನ, ಅವಳ ಹೇರ್‌ಪಿನ್ನು, ಒಂದೂ ಯಾರಿಗೂ ನೆನಪಾಗಲಿಲ್ಲ. ಅವಳಿಂದ ಅವರಿಗೆ ಬೇಕಾಗಿದ್ದುದು ಒಂದು ಕಲ್ಲು, ಅದರ ಮೇಲಿಡಲು ಹೂವು. ಹೆಂಗಸೊಬ್ಬಳನ್ನು ಗಂಡಸಿನ ಸಿಟ್ಟಿನ ಒಲೆಗೆ ಕಟ್ಟಿಗೆ ಮಾಡಿದ ಆ ಜನರ ಮೇಲೆ ನನಗೆ ಅಂದು ಬಂದ ಕೋಪ ಇಂದಿಗೂ ಇಳಿದಿಲ್ಲ.

ಸಿ.ಡಿ. ಮುಗಿಯಿತು, ಚರ್ಚೆ ಶುರುವಾಯಿತು.

"ಮೊದಲನೇದಕ್ಕ ಇದು ಸಾಟಿನ ಅಲ್ಲ."

"ಅದನ್ನ ಮಾಡಿದವರು ಬ್ಯಾರೆ, ಇದನ್ನ ಮಾಡಿದವರು ಬ್ಯಾರೆ ಇರಬೇಕು. ಆಕಿ ಬದುಕಿದ್ದು ಇವಕ್ಕ ಗೊತ್ತ ಇಲ್ಲ!"

"ಹೌದಲ್ರಿ ಅಕ್ಕೋರ?"

ಎಲ್ಲರೂ ನನ್ನ ಕಡೆ ತಿರುಗಿದರು. ಆಗಲಾದರೂ ಹೇಳಬಹುದಿತ್ತು. "ಹೌದು" ಎಂದೆ. "ಹಿಂದಿನ ಕಥೀನ ಮರತಾರ." ಮೊದಲ ಸುಳ್ಳಿನಲ್ಲಿ ಸ್ವಲ್ಪ ಕರುಣೆಯಿತ್ತು ಎಂದು ಇಟ್ಟುಕೊಳ್ಳೋಣ. ಈ ಎರಡನೆಯದರಲ್ಲಿ ಅದೂ ಇರಲಿಲ್ಲ. ಸೀಕ್ವೆಲ್ ನೋಡಿ, ಯಾವಾಗಲೂ ಮೊದಲನೆಯದಕ್ಕಿಂತ ಕೆಟ್ಟದ್ದು. ಶಶಿ ಗಿರಮಿಟ್ಟಿನ ತಾಟನ್ನು ಹಾಗೇ ಇಟ್ಟು ಎದ್ದು ಹೋದಳು.

ಮುಂದಿನ ಭಾನುವಾರ ನಾನು ಕಮಲಾಬಾಯಿಯವರ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿನಿಂದ ಖಟಕ್, ಗುರುಗುರು, ಕೆಮ್ಮು ಕೇಳಿಸಿತು. ಹಳೆಯ ಕ್ಯಾಸೆಟ್ಟು. ನನ್ನ ಕುರ್ಚಿಯಲ್ಲಿ ಶಶಿಯ ಮಗಳು ವೀಣಾ ಕುಳಿತಿದ್ದಳು. ಹತ್ತನೇ ಕ್ಲಾಸು, ನನ್ನದೇ ವಿದ್ಯಾರ್ಥಿನಿ, ಇಂಗ್ಲಿಷಿನಲ್ಲಿ ಕ್ಲಾಸಿಗೇ ಮೊದಲು. ಶಶಿ ಕ್ಯಾಸೆಟ್ಟನ್ನು ನೇರ ಕೊನೆಗೇ ಓಡಿಸಿದಳು. ಬೋಳುತಲೆಯವನು ಎದ್ದು ನಿಂತ, ಹೇಳಿದ. ವೀಣಾ ನನ್ನ ಮುಖ ನೋಡಿದಳು.

"ಅಕ್ಕೋರನ್ನ ಏನ್ ನೋಡ್ತಿ? ಹೇಳು" ಎಂದಳು ಶಶಿ.

"ಆಕಿ ಸತ್ತಾಳ ಅಂದ, ಅವ್ವಾ."

ನಾನೇ ಕಲಿಸಿದ ಇಂಗ್ಲಿಷು. ತಪ್ಪು ಎನ್ನಲು ಎಲ್ಲಿ ಜಾಗವಿತ್ತು?

ಶಶಿ ಎದ್ದು ನಿಂತಳು. "ನಮ್ಮವ್ವ, ನನ್ನ ತಂಗಿದು ಕ್ರಿಯಾ ಮಾಡೂಣು, ಆಕಿ ಜೀವಕ್ಕ ಶಾಂತಿ ಸಿಗಲಿ ಅಂತ ಕಣ್ಣೀರ ಹಾಕ್ತಿದ್ದಳ್ರಿ. ನಾ ಬಿಡಲಿಲ್ಲ. ಪಿಕ್ಚರಿನ್ಯಾಗ ಹೊಳ್ಯಾಗ ಬಿದ್ದಾಕಿ ಬದುಕಿಲ್ಲೇನು ಅಂತ ಆಕಿ ಕೂಡ ಜಗಳಾಡಿದೆ. ಹೋದ ವರ್ಷ ನಮ್ಮವ್ವ ಸತ್ತಳು, ನನ್ನ ಕೂಡ ಮಾತು ಬಿಟ್ಟಾಕಿ ಹಂಗ ಸತ್ತಳು."

"ಶಶಿ, ಅದು ಬರೇ ಪಿಕ್ಚರ್..."

"ಪಿಕ್ಚರ್ ಸುಳ್ಳಂತ ನನಗ ಗೊತ್ತಿತ್ತು. ನೀವು ಸುಳ್ಳಂತ ಗೊತ್ತಿರಲಿಲ್ಲ."

ನನಗೂ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಮನೆಗೆ ಬಂದು ಕೇಳಬಹುದಿತ್ತು. ನನ್ನ ವಿದ್ಯಾರ್ಥಿನಿಯನ್ನೇ ಸಾಕ್ಷಿಗೆ ಕೂರಿಸಿ, ಎಂಟು ಜನರ ಮುಂದೆ ಹೀಗೆ ಮಾಡಬೇಕಿತ್ತೇ? ಆ ಸಿಟ್ಟನ್ನು ಹೊದ್ದುಕೊಂಡು ತಿಂಗಳುಗಟ್ಟಲೆ ಅವಳ ಬಾಗಿಲ ಮುಂದೆ ತಲೆ ತಿರುಗಿಸಿ ನಡೆದೆ. ಕ್ಷಮೆ ಕೇಳುವುದಕ್ಕಿಂತ ಅದು ಸುಲಭವಾಗಿತ್ತು. ಒಂದು ದಿನ ಆ ಬಾಗಿಲಿಗೆ ಬೀಗವಿತ್ತು. ಗಂಡ ನಿವೃತ್ತಿಯಾಗಿ ಅವರು ಹಳ್ಳಿಗೆ ಹೋಗಿದ್ದರು. ಬೀಗದ ಮೇಲೆ ಸಿಟ್ಟು ಮಾಡಲು ಬರುವುದಿಲ್ಲ. ಆಗ ಅದು ತಿರುಗಿ ನನ್ನ ಮೇಲೇ ಬಂತು.

"ಮೌಶಿ, ನೀವ ಹೇಳ್ರಿ" ಎಂದ ಪ್ರಸಾದ ಮೊನ್ನೆ, ನನ್ನನ್ನು ಸಮಾಧಾನ ಮಾಡುವವನಂತೆ. "ಮೊದಲನೇದು ಚಲೋನೋ, ಎರಡನೇದೋ?" ಅಷ್ಟು ವರ್ಷ ಯಾರಿಗೂ ಹೇಳದ ಈ ಕಥೆಯನ್ನು, ಸಾರು ಆರುತ್ತಿದ್ದರೂ ಬಿಡದೆ, ಅವರಿಬ್ಬರಿಗೆ ಪೂರ್ತಿ ಹೇಳಿದೆ. ಈ ಸಲ ಒಂದು ಶಬ್ದವನ್ನೂ ಬದಲಿಸಲಿಲ್ಲ. ಮೃದುಲಾ ಮೆಲ್ಲಗೆ ಕೇಳಿದಳು: "ಆಮೇಲೆ ಅವರು ನಿಮಗ ಸಿಗಲೇ ಇಲ್ಲೇನು?"

ಒಂದು ಸಲ ಸಿಕ್ಕಳು. ಹಳಿಯಾಳ ಸ್ಟ್ಯಾಂಡಿನಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬಿ ಬಸ್ಸುಗಳೆಲ್ಲ ತಡವಾಗಿದ್ದ ಒಂದು ಬೆಳಗ್ಗೆ. ರಾಮನಗರದ ಬಸ್ಸಿನ ಕಿಟಕಿಯಲ್ಲಿ ಕುಳಿತಿದ್ದಳು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಕೆಳಗೆ ನಿಂತೆ. ಇಷ್ಟು ವರ್ಷ ನಾನು ಮೇಲೆ ಕುರ್ಚಿಯಲ್ಲಿ, ಅವಳು ಕೆಳಗೆ.

"ಅಕ್ಕೋರ" ಎಂದಳು, ನಗದೆ. "ಒಂದು ಖರೇ ಹೇಳ್ರಿ. ಆ ಪಿಕ್ಚರಿನ ಉಳಿದದ್ದಾದ್ರೂ ಖರೇ ಹೇಳಿದ್ದಿರೋ ಇಲ್ಲೋ?"

"ಇಲ್ಲ ಶಶಿ. ಉಳಿದದ್ದು ನನಗ ತಿಳೀತಿರಲಿಲ್ಲ. ಆ ಒಂದು ಮಾತು ತಿಳೀತು, ಅದನ್ನ ಹೇಳಲಿಲ್ಲ. ನನ್ನ ತಪ್ಪಾತು."

ಅವಳು ಕಿಟಕಿಯಿಂದ ಬಗ್ಗಿದಳು. "ಹಂಗಾರ ಮೊದಲನೇದು ಪೂರಾ ನಿಮ್ಮದ" ಎಂದಳು. "ಚಲೋ ಇತ್ತು ಬಿಡ್ರಿ. ಆದ್ರ ನನ್ನ ಸಿಟ್ಟು ಹೋಗಿಲ್ಲ, ಹೋಗೂದೂ ಇಲ್ಲ."

"ತಂಗಿ ಕ್ರಿಯಾ ಮಾಡಿಸಿದೇನು?"

"ಇಲ್ಲ. ನಿಮ್ಮ ಪಿಕ್ಚರ್ ಸಲುವಾಗಿ ಅಲ್ಲ ಮತ್ತ!" ಎಂದು ಗದರಿದಳು. "ರಾಮನಗರದಾಗ ಖಾನಾವಳಿ ನಡಸಾಕಿ ಒಬ್ಬಾಕಿ ನನ್ನಂಗ ಕಾಣ್ತಾಳಂತ. ಯಾರೋ ಹೇಳ್ಯಾರ."

ಕಂಡಕ್ಟರ್ ಸೀಟಿ ಹೊಡೆದ. ಅವಳು ಕಿಟಕಿಯ ಗಾಜನ್ನು ಖಟಕ್ಕನೆ ಎಳೆದುಕೊಂಡಳು. ಬಸ್ಸು ತಿರುಗುವಾಗ ಗಾಜಿನಾಚೆ ಅವಳ ಮುಖ ಕಾಣಲಿಲ್ಲ, ತೊಡೆಯ ಮೇಲಿನ ಬುತ್ತಿಗಂಟು ಕಂಡಿತು. ಒಬ್ಬಳಿಗೆ ಕಟ್ಟಿದ ಬುತ್ತಿಯಾಗಿರಲಿಲ್ಲ ಅದು.