ಗೇಟಮ್ಮನ ಜೀಪಿಗೆ ಒಂದು ‘ಹೋಗು’

ಬೆಟ್ಟದ ಬುಡದ ಜೀಪ್ ಸ್ಟ್ಯಾಂಡಿನಲ್ಲಿ ಒಂದು ಕಟ್ಟಳೆ ಇತ್ತು. ಯಾವ ಡ್ರೈವರೂ ತನ್ನ ಗಾಡಿಯ ಅಡಿಯನ್ನು ತಾನೇ ನೋಡಿಕೊಂಡು ಹೊರಡುವಂತಿಲ್ಲ. ಇನ್ನೊಬ್ಬ ಡ್ರೈವರ್ ಗೋಣಿಚೀಲ ಹಾಸಿ, ಅಂಗಾತ ಮಲಗಿ, ಸ್ಟೇರಿಂಗಿನ ಸಲಾಕೆಯನ್ನು ಸ್ಪ್ಯಾನರಿನಿಂದ ತಟ್ಟಿ, ಹೊರಗೆ ಬಂದು ‘ಹೋಗು’ ಅನ್ನಬೇಕು. ತನ್ನ ಗಾಡಿಯ ತಪ್ಪು ತನ್ನ ಕಣ್ಣಿಗೆ ಬೀಳುವುದಿಲ್ಲ ಎಂಬ ಲೆಕ್ಕಾಚಾರ. ಆ ಮಾತು ಬೀಳದೆ ಮೇಲಿನ ಕಲ್ಲುಗಣಿಗೆ ಹೋಗುವ ಕೆಲಸಗಾರರಾಗಲಿ, ಅಲ್ಲಿನ ಚಿಕಿತ್ಸಾಲಯದ ನರ್ಸಾಗಲಿ ಜೀಪಿಗೆ ಕಾಲಿಡುತ್ತಿರಲಿಲ್ಲ. ಕಟ್ಟಳೆ ಒಳ್ಳೆಯದೇ. ಅದನ್ನು ಹಿಡಿದುಕೊಂಡಿದ್ದ ಜನರ ಬಗ್ಗೆ ನಾನು ಹಾಗೆ ಹೇಳಲಾರೆ.

ಗೇಟಮ್ಮ ಅಂದರೆ ಸ್ಟ್ಯಾಂಡಿನ ಎದುರಿನ ಶೆಡ್ಡಿನಲ್ಲಿ ಗೇಟು, ಕಿಟಕಿ ಸರಳು ಬೆಸೆಯುವ ಹೆಂಗಸು. ಮುಂಗೈ ತುಂಬ ಕಿಡಿ ಬಿದ್ದ ಕಲೆ, ಮಾತೂ ಅಷ್ಟೇ ಬಿಸಿ. ಅವಳ ಗಂಡ ಜೀಪು ಓಡಿಸುತ್ತಿದ್ದ. ಬೆಟ್ಟದ ದಾರಿಯ ನಡುವೆ ಎಮ್ಮೆಯ ಬೆನ್ನಿನಂತೆ ಎದ್ದ ಒಂದು ಬಂಡೆ. ಮುಂದಿನ ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಸಲಾಕೆ ತೀರ ಕೆಳಗೆ ಇರುವುದರಿಂದ ಎಲ್ಲ ಜೀಪುಗಳೂ ಅಲ್ಲಿ ಏಟು ತಿನ್ನುತ್ತಿದ್ದವು. ಅದಕ್ಕೆ ಸ್ಟ್ಯಾಂಡಿನ ಹಿರಿಯ ಡ್ರೈವರ್ ದೊಡ್ಡಣ್ಣ ಒಂದು ಉಪಾಯ ಹೇಳಿದ್ದ: ಸಲಾಕೆಗೇ ದಪ್ಪ ಕಬ್ಬಿಣದ ಪಟ್ಟಿ ಬೆಸೆಸಿಬಿಡಿ. ಎಲ್ಲರೂ ತಲೆಯಾಡಿಸಿ ಬೆಸೆಸಿದರು. ಮನೆಯಲ್ಲೇ ಬೆಸುಗೆಯವಳನ್ನು ಇಟ್ಟುಕೊಂಡು, ಅವಳನ್ನು ಒಂದು ಮಾತು ಕೇಳದೆ, ಗಂಡನೂ ಬೇರೆಲ್ಲೋ ಹೋಗಿ ಬೆಸೆಸಿಕೊಂಡು ಬಂದ. ಕಾಯಿಸಿದ ಕಬ್ಬಿಣ ಬೆಸುಗೆಯ ಪಕ್ಕದಲ್ಲಿ ಪೆಡಸಾಗುತ್ತದೆ ಅಂತ ಅವಳು ಹೇಳುವ ಹೊತ್ತಿಗೆ ಕಾಲ ಮಿಂಚಿತ್ತು. ಬಂಡೆಗೆ ತಗುಲಿದ ಸಲಾಕೆ ಬಗ್ಗಲಿಲ್ಲ, ಲಟಕ್ಕನೆ ಮುರಿಯಿತು. ಸ್ಟೇರಿಂಗ್ ಕೈಯಲ್ಲಿ ಸುಮ್ಮನೆ ಸುತ್ತಿತು, ಜೀಪು ಹಳ್ಳಕ್ಕೆ ಇಳಿಯಿತು. ಸದ್ಯ, ಗಾಡಿ ಖಾಲಿಯಿತ್ತು. ಗಂಡನ ಕಾಲು ಮಾತ್ರ ಉಳಿಯಲಿಲ್ಲ, ಊರುಗೋಲು ಬಂತು.

ಆಸ್ಪತ್ರೆಯಿಂದ ಬಂದವನು ಸ್ಟ್ಯಾಂಡಿನ ಅಷ್ಟೂ ಜನರ ಎದುರು, “ಆ ಜೀಪು ನನ್ನದಲ್ಲ. ಬೇಕಾದವರು ತಗೊಂಡು ಹೋಗಿ,” ಅಂದ.

“ನನಗೆ ಬೇಕು,” ಅಂದಳು ಗೇಟಮ್ಮ. “ಇವತ್ತಿಂದ ನಂದು.”

ಕಬ್ಬಿಣ ತರಲು ಗಾಡಿ ಓಡಿಸಿ ಅಭ್ಯಾಸವಿದ್ದವಳು ಅವಳು. ಜೀಪನ್ನು ಶೆಡ್ಡಿಗೆ ಎಳೆಸಿದಳು. ಹೊಸ ಸಲಾಕೆ ಹಾಕಿಸಿದಳು, ಅದಕ್ಕೆ ಬೆಂಕಿ ಸೋಕಿಸಲಿಲ್ಲ. ಅದರ ಮುಂದೆ, ಕೆಳಗೆ, ದಪ್ಪ ತಗಡನ್ನು ಮೊರದ ಹಾಗೆ ಬಾಗಿಸಿ, ಮುಂದಿನ ಆಕ್ಸಲ್ಲಿಗೆ ಬೋಲ್ಟು ಹಾಕಿ ಕೂರಿಸಿದಳು. ತಗಡಿಗೂ ಸಲಾಕೆಗೂ ನಡುವೆ ಎರಡು ಬೆರಳು ಜಾಗ. ಕೆಸರು ಬಿದ್ದುಹೋಗಲು ತೂತುಗಳು. ಏಟು ಬಿದ್ದರೆ ಆಕ್ಸಲ್ ತಡೆಯಲಿ, ಸಲಾಕೆಯ ಗೊಡವೆಗೆ ಯಾರೂ ಹೋಗಬಾರದು ಎಂಬುದು ಅವಳ ಯೋಚನೆ. ಗಂಡ ಅಲ್ಲೇ ಮೂಲೆಯಲ್ಲಿ ಗೇಟಿನ ಸರಳು ಉಜ್ಜುತ್ತ, ಜೀಪಿಗೆ ಬೆನ್ನು ಹಾಕಿ ಕೂತಿರುತ್ತಿದ್ದ. ಅವಳು ಅರ ಕೇಳಿದರೆ ಹಿಂದೆ ತಿರುಗದೆಯೇ ಕೈ ಚಾಚುತ್ತಿದ್ದ.

ಸೋಮವಾರ ಬೆಳಿಗ್ಗೆ ಗೇಟಮ್ಮ ಗಂಡನ ಸರದಿಯ ಜಾಗದಲ್ಲಿ ಜೀಪು ನಿಲ್ಲಿಸಿದಳು. ಗೋಣಿಚೀಲ ಹಾಸಿದಳು. ಬಾನೆಟ್ಟಿನ ಮೇಲೆ ಸ್ಪ್ಯಾನರ್ ಇಟ್ಟಳು.

“ಯಾರಾದ್ರೂ ನೋಡಿ.”

ಯಾರೂ ಅಲ್ಲಾಡಲಿಲ್ಲ. ದೊಡ್ಡಣ್ಣ ಹಲ್ಲಿಗೆ ಕಡ್ಡಿ ಹಾಕುತ್ತ, “ಗೇಟು ಮಾಡೋರ ಕೆಲಸಕ್ಕೆ ನಾವು ಹೋಗು ಅನ್ನೋಕಾಗುತ್ತಾ? ನಾಳೆ ಜನ ಬಿದ್ರೆ ನಮ್ಮ ತಲೆಗೆ ಬರುತ್ತೆ,” ಅಂದ.

“ನಿಮ್ಮ ಪಟ್ಟಿಯಿಂದ ನಮ್ಮನೆಯವರು ಬಿದ್ರಲ್ಲ, ಅದು ಯಾರ ತಲೆಗೆ ಬಂತು?”

ದೊಡ್ಡಣ್ಣನ ಮುಖ ಹುಳ್ಳಗಾಯಿತು. ಅವಳ ತಗಡು ಸರಿಯೆಂದರೆ ಅವನ ಪಟ್ಟಿ ತಪ್ಪು, ವಿಷಯ ಇಷ್ಟೇ. “ಶನಿವಾರದೊಳಗೆ ಈ ಗಾಡಿ ಬೆಟ್ಟ ಹತ್ತದಿದ್ರೆ ಸರದಿ ಹೋಯ್ತು. ಅದೂ ಕಟ್ಟಳೇನೇ,” ಅಂದ. ಸರದಿ ಹೋದರೆ ಆ ಸ್ಟ್ಯಾಂಡಿನಲ್ಲಿ ಜೀಪಿಗೆ ಇನ್ನು ಜಾಗವೇ ಇಲ್ಲ, ಅದು ಎಲ್ಲರಿಗೂ ಗೊತ್ತು.

ದಿನಾ ಬಂದಳು. ದಿನಾ ಗೋಣಿಚೀಲ ಹಾಸಿದಳು. ಒಬ್ಬನಿಗೆ ಸೊಂಟನೋವು, ಇನ್ನೊಬ್ಬನಿಗೆ ಹೊಸ ಅಂಗಿ. ನರ್ಸು ಹತ್ತಿರ ಬಂದು, “ಯಾರಾದ್ರೂ ಒಬ್ಬರು ಹೋಗು ಅನ್ನಲಿ, ನಾನೇ ಮೊದಲು ಹತ್ತುತ್ತೀನಿ. ಅನ್ನದೆ ಹತ್ತಲ್ಲ, ಬೇಜಾರು ಮಾಡ್ಕೋಬೇಡಿ,” ಅಂದಳು. ಅವಳಾದರೂ ನೇರವಾಗಿ ಹೇಳಿದಳು. ಅಂಗಲಾಚಿದರೆ ಯಾರಾದರೂ ಕರಗುತ್ತಿದ್ದರೇನೋ. ಗೇಟಮ್ಮ ಅಂಗಲಾಚುವವರ ಪೈಕಿಯಲ್ಲ. ಸ್ಟೂಲು ತಂದು ಜೀಪಿನ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತಳು.

ಶನಿವಾರ ಬಂತು. ದೊಡ್ಡಣ್ಣ, “ಸಾಕು ಕಣಮ್ಮ, ಗಾಡಿ ತೆಗಿ,” ಅನ್ನುತ್ತಿರುವಾಗ ಹಿಂದಿನಿಂದ ಊರುಗೋಲಿನ ಸದ್ದು ಕೇಳಿಸಿತು. ಗಂಡ ರಸ್ತೆ ದಾಟಿ ಬಂದ. ಯಾರನ್ನೂ ನೋಡಲಿಲ್ಲ. ಊರುಗೋಲನ್ನು ಹೆಂಡತಿಯ ಕೈಗೆ ಕೊಟ್ಟು, ಬಂಪರ್ ಹಿಡಿದು, ಹಲ್ಲು ಕಚ್ಚಿಕೊಂಡು ಗೋಣಿಚೀಲದ ಮೇಲೆ ಮಲಗಿದ.

“ಏಯ್, ಅದು ನಡೆಯಲ್ಲ. ನಿನ್ನ ಗಾಡಿ ನೀನೇ ನೋಡಂಗಿಲ್ಲ,” ಅಂದ ದೊಡ್ಡಣ್ಣ.

“ನನ್ನದಲ್ಲ ಅಂತ ನಿಮ್ಮೆದುರೇ ಹೇಳಿದ್ನಲ್ಲ,” ಎಂದು ಜೀಪಿನ ಅಡಿಯಿಂದ ಮಾತು ಬಂತು. “ಗಾಡಿ ಅವಳದು. ನಾನು ಬೇರೆ ಡ್ರೈವರ್.”

ಕೆಳಗೆ ಸ್ಪ್ಯಾನರ್ ಠಣ್ ಠಣ್ ಅಂದಿತು. ಗಂಡ ತಲೆ ಮಾತ್ರ ಹೊರಗೆ ಹಾಕಿದ.

“ಬೋಲ್ಟಿನ ತಲೆಗಳು ಕೆಳಗೆ ಚಾಚಿವೆ. ಬಂಡೆ ಮೊದಲು ಅವನ್ನೇ ಕೆರೆದು ಹಾಕುತ್ತೆ. ಹೋಗು ಅನ್ನಲ್ಲ.”

ಸ್ಟ್ಯಾಂಡು ಗೊಳ್ಳೆಂದಿತು. ಗೇಟಮ್ಮನಿಗೆ ಮೈಯೆಲ್ಲ ಉರಿಯಿತು. ಸ್ವಂತ ಗಂಡ, ನಾಲ್ಕು ಜನರೆದುರು. ಬಗ್ಗಿ ನೋಡಿದಳು. ನಿಜವಿತ್ತು. ಡ್ರಿಲ್ ತಂದು, ತೂತಿನ ಬಾಯಿ ಅಗಲಿಸಿ, ತಲೆಗಳು ತಗಡಿನ ಮಟ್ಟಕ್ಕೆ ಕೂರುವ ಬೋಲ್ಟುಗಳನ್ನು ಹಾಕಿದಳು. ಅವನು ಅಲ್ಲೇ ಪಕ್ಕದಲ್ಲಿ ಮಲಗಿ ಒಂದೊಂದೇ ನಟ್ಟು ಎತ್ತಿ ಕೊಟ್ಟ. ಮತ್ತೆ ತಟ್ಟಿದ, ಮತ್ತೆ ಅಲ್ಲಾಡಿಸಿದ, ಹೊರಗೆ ಬಂದು ಬೆನ್ನಿನ ದೂಳು ಕೊಡವಿಕೊಂಡ.

“ಹೋಗು,” ಅಂದ.

ಸುಳ್ಳು ‘ಹೋಗು’ ಅಲ್ಲ ಅದು ಅಂತ ಈಗ ಯಾರಿಗೂ ಹೇಳಬೇಕಿರಲಿಲ್ಲ. ನರ್ಸು ತನ್ನ ಚೀಲ ಒಳಗೆಸೆದು ಹತ್ತಿದಳು, ಅವಳ ಹಿಂದೆ ಗಣಿಯವರು ಹತ್ತಿದರು. ಗೇಟಮ್ಮ ಮುಂದಿನ ಸೀಟಿನ ಬಾಗಿಲು ತೆರೆದು ಗಂಡನ ಕಡೆ ನೋಡಿದಳು. “ನೀವೂ ಹತ್ತಿ.”

ಅವನು ಹತ್ತಿದ. ದಾರಿಯುದ್ದಕ್ಕೂ ತನ್ನ ಕಾಲಡಿ ಇಲ್ಲದ ಬ್ರೇಕನ್ನು ಒತ್ತುತ್ತಲೇ ಬಂದ. ಆ ಬಂಡೆಯ ತಿರುವು ಬಂದಾಗ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡ. ಬಂಡೆ ತಗಡನ್ನು ಕರ್ರನೆ ಉಜ್ಜಿತು, ಮುಂಭಾಗ ಎದ್ದಿತು, ಇಳಿಯಿತು. ಗೇಟಮ್ಮ ಸ್ಟೇರಿಂಗ್ ಎಡಕ್ಕೆ ಎಳೆದಳು. ಚಕ್ರ ಎಡಕ್ಕೆ ತಿರುಗಿತು.

“ಕಣ್ಣು ಬಿಡ್ರಿ,” ಅಂದಳು. “ನಿಮ್ಮ ಬಂಡೆ ಹಿಂದೆ ಹೋಯ್ತು.”