ಮರುಳಪ್ಪನವರ ನೀಲಿ

ಮರುಳಪ್ಪನವರಿಗೆ ಸಿಟ್ಟು ಬರುತ್ತಿದ್ದುದು ಒಂದೇ ಮಾತಿಗೆ. ಅವರು ಮಾಡಿದ ಚಾಕುವಿನ ನೀಲಿಯನ್ನು ಯಾರಾದರೂ ಪೇಂಟ್ ಎಂದರೆ ಸಾಕು, "ಪೇಂಟಲ್ಲ ಕಣ್ರೀ, ಕಾದ ಉಕ್ಕು ತಾನೇ ಬುಡೋ ಬಣ್ಣ!" ಎಂದು ಕೈಯಿಂದ ಕಿತ್ತುಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ನಾನು ಬಿಳಿಗೆರೆಗೆ ಶಾಲೆಯ ಮೇಡಂ ಆಗಿ ಹೋದಾಗ ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ತೋಟಗಳ ಪಂಪ್‌ಸೆಟ್ ರಿಪೇರಿ ಅವರ ಕಸುಬು. ಮಡಚುವ ಚಾಕು ಮಾಡುವುದು ಅವರ ಹುಚ್ಚು. ಅದರ ಸಣ್ಣ ಸ್ಕ್ರೂ, ಸ್ಪ್ರಿಂಗುಗಳನ್ನು ಹೊಳೆಯುವಂತೆ ಉಜ್ಜಿ, ಜಿಡ್ಡು ಹೋಗಲು ಸೀಗೇಪುಡಿಯಲ್ಲಿ ತೊಳೆದು, ಬಾಣಲೆಯ ಮರಳ ಮೇಲೆ ಇಡುತ್ತಿದ್ದರು. ಕೆಳಗೆ ಕರಟದ ಕೆಂಡ. ಉಕ್ಕು ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತಿತ್ತು, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಆ ಕ್ಷಣದಲ್ಲೇ ಚಿಮುಟದಲ್ಲಿ ಎತ್ತಿ ಕೊಬ್ಬರಿ ಎಣ್ಣೆಗೆ ಅದ್ದಬೇಕು. ತಡವಾದರೆ ಬರೀ ಬೂದುಬಣ್ಣ. ಎಷ್ಟೋ ಸಲ ಬೂದುಬಣ್ಣವೇ ಗತಿ. ಹೆಂಡತಿ ಗಂಗಮ್ಮ ಗೊಣಗುತ್ತಿದ್ದರು: "ನನ್ ಬಾಣಲೆ ಹಾಳ್ ಮಾಡಿದ್ರಿ, ಇನ್ನು ಒಗ್ಗರಣೆ ನಿಮ್ ತಲೆ ಮೇಲೆ ಹಾಕ್ಲಾ?"

ಕೆಲವು ವರ್ಷಗಳಲ್ಲಿ ಅವರ ಕಣ್ಣು ಮಂಜಾಗತೊಡಗಿತು. ನರ ಸೊರಗಿದೆ, ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು. ರಿಪೇರಿ ನಿಂತಿತು. ಜಗಲಿಯಲ್ಲೇ ಕೂತಿರುತ್ತಿದ್ದ ಗಂಡನ ಮುಂದೆ ಒಂದು ದಿನ ಗಂಗಮ್ಮನೇ ಬಾಣಲೆ ತಂದಿಟ್ಟು, "ಏಳಿ, ಬಣ್ಣ ನಾನು ನೋಡ್ತೀನಿ," ಎಂದರು. ಅಂದಿನಿಂದ ಇಬ್ಬರೂ ಒಲೆಯ ಮುಂದೆ ತಲೆಗೆ ತಲೆ ತಾಗಿಸಿ ಕೂರುತ್ತಿದ್ದರು. "ಬಂತಾ?" "ತಡೀರಿ... ಈಗ!" ಎಂಬ ಮಾತು ಗೋಡೆಯಾಚೆ ನನಗೆ ಕೇಳುತ್ತಿತ್ತು. ಅಷ್ಟು ಚೆಂದದ ನೀಲಿ ಅವರಿಗೆ ಕಣ್ಣಿದ್ದಾಗಲೂ ಬಂದಿರಲಿಲ್ಲ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಗಂಗಮ್ಮ ಕಾಮಾಲೆಯಿಂದ ತೀರಿಕೊಂಡರು. ಆಗ ನನಗೆ ತುರುವೇಕೆರೆಗೆ ವರ್ಗವಾಗಿತ್ತು. ಮರುಳಪ್ಪನವರನ್ನು ಮಾತಾಡಿಸಲು ಹೋದೆ. ಅದೇ ನಮ್ಮ ಕೊನೆಯ ಭೇಟಿಯಾಯಿತು. ಅರ್ಧಕ್ಕೆ ನಿಂತ ಚಾಕುವೊಂದನ್ನು ಅವರು ಬೆರಳಿನಿಂದ ಸವರುತ್ತಿದ್ದರು. "ಅವಳಿಗೇ ಅಂತ ಮಾಡ್ತಿದ್ದೆ," ಎಂದರು. ಸ್ಪ್ರಿಂಗ್ ಇನ್ನೂ ಬೆಳ್ಳಗಿತ್ತು.

"ಮುಗಿಸೋಣ. ನಾನು ನೋಡಿ ಹೇಳ್ತೀನಿ," ಎಂದೆ.

ಹೂಂ ಎಂದು ತಲೆಯಾಡಿಸಿದರು. ನಾನೇ ಕೆಂಡ ಮಾಡಿ, ಬಾಣಲೆಯ ಮರಳ ಮೇಲೆ ಸ್ಪ್ರಿಂಗ್ ಇಟ್ಟು, ಅವರ ಕೈಗೆ ಚಿಮುಟ ಕೊಟ್ಟು, ಅದರ ತುದಿಯನ್ನು ಸ್ಪ್ರಿಂಗಿಗೆ ತಾಗಿಸಿದೆ. ನೇರಳೆ ಕಳೆದು ನೀಲಿ ಮೂಡಿತು. "ಈಗ," ಎಂದೆ. ಅವರು ಎತ್ತಲಿಲ್ಲ. "ಈಗ, ಮರುಳಪ್ಪನವರೇ!" ಎಂದು ಕೂಗಿದೆ. ಕೈ ಅಲ್ಲಾಡಲಿಲ್ಲ. ನನ್ನ ಕಣ್ಣೆದುರೇ ನೀಲಿ ಕರಗಿಹೋಯಿತು.

"ತಪ್ಪು ತಿಳ್ಕಬ್ಯಾಡಿ ಮೇಡಂ," ಎಂದರು. "ಅವಳ ದನಿಗೆ ಕಾಯ್ತಾ ಇದ್ದೆ."