ಪ್ರಸ್ಥಾನಕ್ಕಿಟ್ಟ ಸೀಟು

ನನಗೆ ಶಾಲೆಯ ನೌಕರಿಯ ಆದೇಶ ಬಂದಾಗ ನಮ್ಮ ಮನೆಯಲ್ಲಿ ಸಂತೋಷ ಒಂದು ಮಧ್ಯಾಹ್ನದ ಮಟ್ಟಿಗೆ ಇತ್ತು. ಸಂಜೆ ಅಪ್ಪ ಕಚೇರಿಯಿಂದ ಬರುವಾಗ ಆ ಊರು ಎಲ್ಲಿದೆ ಎಂದು ವಿಚಾರಿಸಿಕೊಂಡೇ ಬಂದರು. ಎರಡು ಸಾವಿರದ ಇಸವಿಯ ಆಚೀಚೆಯ ಮಾತು ಇದು. ನಮ್ಮ ಮನೆ ಚಿಂಚೋಳಿಗೆ ಅಂಟಿಕೊಂಡ ಚಂದಾಪುರದಲ್ಲಿ, ಶಾಲೆ ಮೂಡಣ ಗುಡ್ಡದ ಆಚೆ. ಬಸ್ಸು ಊರೂರು ಸುತ್ತಿ ಊಟದ ಹೊತ್ತಿಗೆ ಮುಟ್ಟುತ್ತಿತ್ತು, ಅದೂ ಮುಟ್ಟಿದ ದಿನ. ಗುಡ್ಡದ ಮೇಲಿಂದ ಒಂದು ಕಾಲುದಾರಿ ಇತ್ತು, ದನಗಳೂ ಕಟ್ಟಿಗೆಯವರೂ ಓಡಾಡುವಂಥದ್ದು. ಅಲ್ಲೇ ಒಂದು ಖೋಲಿ ಹಿಡಿದು ಇರುತ್ತೇನೆ ಎಂದೆ. ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡು ಕಂಬಕ್ಕೆ ಒರಗಿದಳು. ಅಲ್ಲಿಗೆ ಖೋಲಿಯ ಮಾತು ಮುಗಿಯಿತು.

ಅಪ್ಪನ ತೀರ್ಮಾನ ಸರಳವಾಗಿತ್ತು. ದಿನಾ ಹೋಗಿ ದಿನಾ ಬರುವಂತಿದ್ದರೆ ನೌಕರಿ, ಇಲ್ಲದಿದ್ದರೆ ಬೇಡವೆಂದು ಬರೆದುಕೊಟ್ಟು ಮನೆಯಲ್ಲಿರುವುದು. ಹಾಜರಾಗಲು ಸೋಮವಾರವೇ ಕಡೆಯ ದಿನ. ಬೇಡವೆಂದು ಬರೆದುಕೊಟ್ಟ ಮರುದಿನವೇ ಜಾತಕಗಳ ಚೀಲ ಹೊರಗೆ ಬರುತ್ತದೆಂದು ನನಗೆ ಗೊತ್ತಿತ್ತು.

ನನ್ನ ಪಾಲಿಗೆ ದೇವರಾಗಿ ಬಂದವನು ಸೋದರಮಾವ. ಹೈದರಾಬಾದಿನಲ್ಲಿ ನೌಕರಿ ಮಾಡುತ್ತಿದ್ದ ಮಾಮಾನಿಗೆ ಹೊಸ ಸಾಮಾನು ಕಂಡರೆ ಕೈ ತಡೆಯುತ್ತಿರಲಿಲ್ಲ. ಸುದ್ದಿ ಮುಟ್ಟಿದ್ದೇ ತಡ, ಗುರುವಾರ ಸಂಜೆ ಬಸ್ಸಿನ ಟಪ್ಪಿನ ಮೇಲೆ ಒಂದು ಸೈಕಲ್ ಹೇರಿಕೊಂಡು ಬಂದಿಳಿದ. ದಪ್ಪ ಹಲ್ಲಿನ ಟೈರು, ಒಂದರ ಮೇಲೊಂದು ಗೇರಿನ ಚಕ್ರ, ಒತ್ತಿದರೆ ಕುಗ್ಗಿ ಬಿಟ್ಟರೆ ಏಳುವ ಮುಂದಿನ ಫೋರ್ಕು. ಮೈಯೆಲ್ಲ ಪ್ಲಾಸ್ಟಿಕ್ ಸುತ್ತಿತ್ತು.

"ಇದು ಗುಡ್ಡಾ ಏರೂ ಸೈಕಲ್ ಅದ ಭಾವಾ," ಎಂದ ಮಾಮಾ. "ಫಾರಿನ್‌ದಾಗ ಇದರ ಮ್ಯಾಲ ಹಿಮದ ಗುಡ್ಡಾ ಇಳೀತಾರ."

ಅಜ್ಜಿ ಸೈಕಲ್ಲಿನ ಸುತ್ತ ಪ್ರದಕ್ಷಿಣೆ ಹಾಕಿದಳು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಗಂಟೆ ಇಲ್ಲ, ಚೈನಿಗೆ ಮುಚ್ಚಳವಿಲ್ಲ. "ಅಂಗಡ್ಯಾವ ನಿನಗ ಅರ್ಧಾ ಸೈಕಲ್ ಕೊಟ್ಟು ಕಳಸ್ಯಾನಲ್ಲೋ," ಎಂದಳು. ಅಪ್ಪನಿಗೂ ಅದೇ ಅನುಮಾನ. ಹೀಗಾಗಿ ಶುಕ್ರವಾರ ಬೆಳಿಗ್ಗೆ, ಉಳಿದರ್ಧ ಸೈಕಲ್ಲನ್ನು ಹಾಕಿಸಲು ನಮ್ಮ ಓಣಿಯ ಸೈಕಲ್ ಅಂಗಡಿಯವನನ್ನು ಮನೆಗೇ ಕರೆಸಲಾಯಿತು.

ಆ ಪುಣ್ಯಾತ್ಮ ಮೊದಲು ಮುಂದಿನ ಫೋರ್ಕನ್ನು ಒತ್ತಿ ನೋಡಿ ಹೌಹಾರಿದ. "ಸಾಬ್, ಇದು ಪೂರಾ ಢೀಲಾ ಅದರಿ. ವೆಲ್ಡಿಂಗ್ ಹೊಡದು ಗಟ್ಟಿ ಮಾಡಿಬಿಡ್ಲೇನು?" ಮಾಮಾ ಸೈಕಲ್ಲಿಗೆ ಅಡ್ಡ ನಿಂತು ಅದನ್ನು ತಪ್ಪಿಸಿದ. ಆಮೇಲೆ ಚೈನ್ ಕವರಿನ ಸರದಿ. ಗೇರು ಅಡ್ಡ ಬರುತ್ತಿತ್ತು. "ಗೇರ್ ತೆಗದ್ರ ಕವರ್ ಬರೋಬ್ಬರಿ ಕುಂದರತದರಿ," ಎಂದ ಅಂಗಡಿಯವ. ಅಪ್ಪ ಅದೂ ಸರಿಯೇ ಎಂಬಂತೆ ತಲೆ ಆಡಿಸಿದರು. ಆಗ ಮಾಮಾನಿಗೆ ಬಂದ ಸಿಟ್ಟು ಓಣಿಗೆಲ್ಲ ಕೇಳಿಸಿತು. ಕೊನೆಗೆ ಗೇರೂ ಉಳಿಯಿತು, ಕವರನ್ನೂ ತಂತಿಯಿಂದ ಬಿಗಿದದ್ದಾಯಿತು. ಸಂಜೆಯ ಹೊತ್ತಿಗೆ ಹಾಲಿನ ಕ್ಯಾನು ಹೊರುವಂಥ ಕಬ್ಬಿಣದ ಕ್ಯಾರಿಯರ್, ಸ್ಟ್ಯಾಂಡ್, ಡೈನಮೋ ದೀಪ, ಗಂಟೆ, ಎರಡು ಮಡ್‌ಗಾರ್ಡ್ ಎಲ್ಲವೂ ಬಂದಿದ್ದವು. ಹೊಸದು ಹೊಸದಾಗಿಯೇ ಇರಲಿ ಎಂದು ಪ್ಲಾಸ್ಟಿಕ್ ಮಾತ್ರ ಬಿಚ್ಚಲಿಲ್ಲ. ಬರುವಾಗ ಒಂದು ಕೈಯಲ್ಲಿ ಎತ್ತುತ್ತಿದ್ದ ಸೈಕಲ್ಲನ್ನು ಈಗ ಎತ್ತಲು ಇಬ್ಬರು ಬೇಕಾದರು. ಅಜ್ಜಿಗೆ ಸಮಾಧಾನವಾಯಿತು. ಅರಿಷಿಣ ಕುಂಕುಮ ಏರಿಸಿ ಹ್ಯಾಂಡಲಿಗೆ ಸೇವಂತಿಗೆ ಮಾಲೆ ಹಾಕಿದಳು.

ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುವಷ್ಟು ವಿದ್ಯೆ ನನ್ನ ಹತ್ತಿರ ಇತ್ತು. ನಮ್ಮ ಕಡೆ ಮಕ್ಕಳು ಸೈಕಲ್ ಕಲಿಯುವುದಕ್ಕೆ ಮೂರು ತರಗತಿಗಳಿದ್ದವು. ಮೊದಲನೆಯದು ಕತ್ತರಿ, ಸೈಕಲ್ಲಿನ ಅಡ್ಡ ಡಂಡೆಯ ಕೆಳಗಿಂದ ಒಂದು ಕಾಲು ತೂರಿಸಿ ಹೊಡೆಯುವುದು. ಎರಡನೆಯದು ಡಂಡಾ, ಕಾಲು ಆಚೆ ಹಾಕಿ ನಿಂತೇ ತುಳಿಯುವುದು. ಮೂರನೆಯದು ಸೀಟು. ಅಪ್ಪನ ಕರಿ ಸೈಕಲ್ಲಿನ ಮೇಲೆ ನಾನು ಎರಡು ತರಗತಿ ಪಾಸಾಗಿದ್ದೆ. ಸೀಟಿನ ಮೇಲಿಂದ ಕಾಲು ಪೆಡಲಿಗೆ ಎಟಕುವ ಹೊತ್ತಿಗೆ ಸರಿಯಾಗಿ, ದೊಡ್ಡವಳಾದಿ, ಇನ್ನು ಸಾಕು ಎಂದು ಅಜ್ಜಿ ನನ್ನನ್ನು ಇಳಿಸಿದಳು.

ಪರೀಕ್ಷೆ ಶನಿವಾರ ಎಂದಾಯಿತು. ಮೊದಲು ಗಂಡಸರು ಈ ಸೈಕಲ್ಲಿನ ಮೇಲೆ ಗುಡ್ಡ ದಾಟಿ ಶಾಲೆ ಮುಟ್ಟಬೇಕು. ಅವರು ಮುಟ್ಟಿದರೆ ನಾನು ಹೋಗಬಹುದು. ಆದರೆ ಅಪ್ಪ ಪಂಚಾಂಗ ತೆಗೆದು ಮುಖ ಸಣ್ಣ ಮಾಡಿದರು. ಶನಿವಾರ ಮೂಡಲಿಗೆ ಶೂಲ, ಅತ್ತ ಹೊರಡುವಂತಿಲ್ಲ. ಭಾನುವಾರ ಅಮಾವಾಸ್ಯೆ. ಸೋಮವಾರ ಮತ್ತೆ ಮೂಡಲಿಗೇ ಶೂಲ.

ಇಂಥ ಸಂಕಟಕ್ಕೆಂದೇ ನಮ್ಮ ಹಿರಿಯರು ಪ್ರಸ್ಥಾನ ಇಡುವ ಪದ್ಧತಿ ಮಾಡಿದ್ದಾರೆ. ಹೊರಡುವ ದಿನ ಸರಿಯಿಲ್ಲದಿದ್ದರೆ, ಹಿಂದಿನ ದಿನದ ಒಳ್ಳೆಯ ಗಳಿಗೆಯಲ್ಲಿ ಹೋಗುವವರ ಒಂದು ಸಾಮಾನನ್ನು ಆ ದಿಕ್ಕಿನ ಮನೆಯೊಂದರಲ್ಲಿ ಇಟ್ಟು ಬರುವುದು. ಸಾಮಾನು ಹೊರಟಿತೆಂದರೆ ಮನುಷ್ಯ ಹೊರಟ ಲೆಕ್ಕ. ಮರುದಿನ ಹಾದಿಯಲ್ಲಿ ಅದನ್ನು ಎತ್ತಿಕೊಂಡು ಮುಂದೆ ನಡೆದರಾಯಿತು, ಶೂಲ ತಾಗುವುದಿಲ್ಲ. ಸಾಮಾನ್ಯವಾಗಿ ಒಂದು ಧೋತರವನ್ನೋ ಅಕ್ಕಿಯ ಗಂಟನ್ನೋ ಇಡುತ್ತಾರೆ. ಆದರೆ ಅಪ್ಪ ಸೂಕ್ಷ್ಮದ ಮನುಷ್ಯ.

"ಹೋಗೂದು ಸೈಕಲ್. ಅಂದ್ರ ಸೈಕಲಿಂದೇ ಸಾಮಾನು ಇಡಬೇಕು," ಎಂದರು.

ಗಂಟೆ ಇಡೋಣವೆಂದರೆ ಅದು ಸೈಕಲ್ಲಿನ ಹುಟ್ಟಿನ ಅಂಗವಲ್ಲ. ಪೆಡಲ್ ಬಿಚ್ಚುವುದು ಅಪಶಕುನ. ಆಗ ಮಾಮಾ ಸೀಟಿನ ಕೆಳಗಿದ್ದ ಒಂದು ಹಿಡಿಕೆಯನ್ನು ಎಳೆದ. ಸೀಟು ಕೋಲಿನ ಸಮೇತ ಕೈಗೆ ಬಂತು. ನಟ್ಟು ಬಿಚ್ಚುವ ಪಾನಾ ಬೇಡ, ಏನೂ ಬೇಡ. ಅಪ್ಪನ ಮುಖ ಅರಳಿದ್ದನ್ನು ನಾನು ಇಂದಿಗೂ ಮರೆತಿಲ್ಲ. "ಮನುಷ್ಯಾ ಕೂಡೂದು ಇದರ ಮ್ಯಾಲ. ಇದು ಹೊಂಟ್ರ ಕೂಡೋರೂ ಹೊಂಟಂಗ," ಎಂದರು.

ಮೂಡಲ ಮಗ್ಗುಲಿನ ಮನೆ ಒಬ್ಬ ಕಿರಾಣಿ ವ್ಯಾಪಾರಿಯದು, ಲಿಂಗಾಯತರು. ನಾವು ಕಾಕು ಎಂದು ಕರೆಯುತ್ತಿದ್ದ ಆ ಮನೆಯ ಯಜಮಾನಿ ಸೀಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಜೋಳದ ಚೀಲದ ಮೇಲೆ ಕೂಡಿಸಿದರು. ಅಜ್ಜಿ ಹಚ್ಚಿದ್ದ ಕುಂಕುಮದ ಮಗ್ಗುಲಿಗೆ ತಮ್ಮ ಪದ್ಧತಿಯಂತೆ ಮೂರು ಬೆರಳಿನ ವಿಭೂತಿಯನ್ನೂ ಎಳೆದರು. ಅಜ್ಜಿ ಕೊಂಚ ಗೊಣಗಿದಳು, ಆದರೆ ಎರಡೂ ಕಡೆಯ ದೇವರು ನೋಡಿಕೊಳ್ಳುವುದಾದರೆ ಲುಕ್ಸಾನೇನು ಎಂದು ಸುಮ್ಮನಾದಳು.

ಶನಿವಾರ ಬೆಳಕು ಹರಿಯುತ್ತಲೇ ಅಪ್ಪ, ಮಾಮಾ, ಸೈಕಲ್ಲು, ಮೊಸರವಲಕ್ಕಿಯ ಡಬ್ಬಿ ಹಿಡಿದ ನಾನು ಮೂಡಲ ಮನೆಯ ಮುಂದೆ ಹೋಗಿ ನಿಂತೆವು. ಬಾಗಿಲಿಗೆ ಬೀಗ. ಎದುರು ಮನೆಯವರು ಹೇಳಿದರು, ಸೇಡಂನಲ್ಲಿ ಅವರ ಮಗಳಿಗೆ ಹೆರಿಗೆಯಾಯಿತಂತೆ, ಸುದ್ದಿ ಬಂದದ್ದೇ ಮನೆಮಂದಿಯೆಲ್ಲ ಮೊದಲ ಬಸ್ಸಿಗೆ ಹೋದರಂತೆ. ಕಿಟಕಿಯ ಸರಳಿನಿಂದ ನೋಡಿದರೆ ಸೀಟು ಜೋಳದ ಚೀಲದ ಮೇಲೆ ವಿಭೂತಿ ಕುಂಕುಮ ಧರಿಸಿ ಕೂತಿತ್ತು. ಮಾಮಾ ಕೈ ಹಾಕಿದ, ಕೋಲು ಹಾಕಿದ, ಎಟುಕಲಿಲ್ಲ. ಅಪ್ಪನ ಹಳೆಯ ಸೈಕಲ್ಲಿನ ಸೀಟು ಬಿಚ್ಚಿ ತಂದು ನೋಡಿದರು. ಅದರ ಕೋಲು ಸಣ್ಣದು, ಹೊಸ ಸೈಕಲ್ಲಿನ ಕೊಳವೆಯೊಳಗೆ ನಿಲ್ಲದೆ ಗಿರಗಿರ ತಿರುಗಿತು.

"ಹಂಗಾದ್ರ ಇವತ್ತು ಬ್ಯಾಡ ಬಿಡ್ರಿ ಭಾವಾ," ಎಂದ ಮಾಮಾ.

"ಬ್ಯಾಡಂದ್ರ ಹ್ಯಾಂಗ? ಪ್ರಸ್ಥಾನ ಇಟ್ಟ ಮ್ಯಾಲ ಹೋಗಲೇಬೇಕು. ಇಟ್ಟು ಹಿಂದ ಸರದ್ರ ಶೂಲಕ್ಕಿಂತ ಕೆಟ್ಟ."

ಹೀಗೆ ಕೂಡಲು ಜಾಗವಿಲ್ಲದ ಸೈಕಲ್ಲನ್ನು ನೂಕಿಕೊಂಡು ನಾವು ಗುಡ್ಡದ ಬುಡಕ್ಕೆ ಹೋದೆವು. ಕೆಂಪು ಕಲ್ಲಿನ ದಾರಿ ಅಲ್ಲಿಂದ ಏರುತ್ತಿತ್ತು. ಮೊದಲ ಪ್ರಯತ್ನ ಮಾಮಾನದು. ಸೀಟಿಲ್ಲದಿದ್ದರೇನು, ಕ್ಯಾರಿಯರ್ ಇದೆಯಲ್ಲ ಎಂದು ಅದರ ಮೇಲೆ ಕೂತ. ಕೂತರೆ ಕೈ ಹ್ಯಾಂಡಲಿಗೆ ಎಟಕದು, ಬಗ್ಗಿದರೆ ಕಾಲು ಪೆಡಲಿಗೆ ಎಟಕದು. ಬೋರಲು ಬಿದ್ದವನಂತೆ ಚಾಚಿಕೊಂಡು ನಾಲ್ಕು ಮಾರು ಹೋಗಿ ಜಾಲಿ ಕಂಟಿಯೊಳಗೆ ಹೊಕ್ಕ. ಅವನ ಬೆನ್ನಿನ ಮುಳ್ಳು ಕೀಳುವುದರಲ್ಲಿ ಸ್ವಲ್ಪ ಹೊತ್ತು ಹೋಯಿತು.

ಆಮೇಲೆ ಅಪ್ಪ. ಶಲ್ಯವನ್ನು ಮಡಿಸಿ ಮಡಿಸಿ ಸೀಟಿನ ಕೊಳವೆಯ ಬಾಯಿಗೆ ಗಾದಿ ಮಾಡಿದರು, ಧೋತರದ ಕಚ್ಚೆ ಬಿಗಿದರು, ದೇವರ ಹೆಸರು ಹೇಳಿ ಕೂತರು. ಕೂತದ್ದಕ್ಕಿಂತ ಬೇಗ ಎದ್ದರು. ಏನಾಯಿತೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಲ್ಲಿಗೆ ಒರಗಿ ನಿಂತು, ಮುಖ ಆ ಕಡೆ ಮಾಡಿಕೊಂಡೇ ತೀರ್ಪು ಕೊಟ್ಟರು. "ಇದು ಆಗೂ ಮಾತಲ್ಲವಾ. ಬ್ಯಾಡ ಅಂತ ಬರದು ಕೊಟ್ಟುಬಿಡು."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನನ್ನ ಬದುಕು ಇವರಿಬ್ಬರ ಕುಂಡೆಯ ಮೇಲೆ ನಿಂತಿದೆಯಲ್ಲ ಎಂಬ ಸಿಟ್ಟು. "ನಾ ಒಮ್ಮೆ ನೋಡಲೇನು?" ಎಂದೆ.

"ಸೀಟೇ ಇಲ್ಲದ್ದು ನೀ ಏನ್ ನೋಡ್ತಿ? ನೋಡು, ಆ ಬಂಡಿಗಲ್ಲಿನ ತನಕ ನೋಡಿ ಬಾ," ಎಂದರು ಅಪ್ಪ, ಬೇಸರದಿಂದ.

ದುಪಟ್ಟಾವನ್ನು ನಡುವಿಗೆ ಸುತ್ತಿ ಡಬ್ಬಿಯ ಚೀಲವನ್ನು ಹೆಗಲಿಗೆ ಅಡ್ಡ ಹಾಕಿಕೊಂಡೆ. ಆದೇಶದ ಕಾಗದವೂ ಅದರಲ್ಲೇ ಇತ್ತು. ಆ ವಾರ ಅದನ್ನು ಬಿಟ್ಟು ನಾನು ಬಚ್ಚಲಿಗೂ ಹೋಗಿರಲಿಲ್ಲ. ಕಾಲು ಆಚೆ ಹಾಕಿ ನಿಂತೇ ತುಳಿದೆ. ಎಷ್ಟೋ ವರ್ಷದ ಹಿಂದಿನ ಎರಡನೆಯ ತರಗತಿಯ ಪಾಠ ಕಾಲಿಗೆ ಹಾಗೇ ನೆನಪಿತ್ತು. ಮಾಮಾ ಕೂಗಿದಂತೆ ಗೇರಿನ ಹಿಡಿಕೆ ತಿರುಗಿಸಿದೆ. ಕಾಲು ಗಾಣದಂತೆ ತಿರುಗಿದರೂ ಸೈಕಲ್ಲು ನಡಿಗೆಯ ವೇಗದಲ್ಲಿ ಹೋಗುತ್ತಿತ್ತು, ಆದರೆ ಹೋಗುತ್ತಿತ್ತು. ಅಪ್ಪ ಹೇಳಿದ ಬಂಡೆಗಲ್ಲು ಬಂತು. ಹಿಂದಿನಿಂದ "ಸಾಕು, ಹೊಳ್ಳು!" ಎಂದು ಅಪ್ಪ ಕೂಗಿದ್ದು ಕೇಳಿಸಿತು. ನಾನು ಹೊರಳಲಿಲ್ಲ.

ಏರಿನ ಮೊದಲ ಕಲ್ಲಿಗೆ ಗಂಟೆ ಹಾರಿತು. ಎರಡನೆಯ ಕಲ್ಲಿಗೆ ಡೈನಮೋ. ಚೈನ್ ಕವರ್ ತಂತಿ ಹರಿದುಕೊಂಡು ಸ್ವಲ್ಪ ದೂರ ಕರಕರ ಎಳೆದಾಡಿ ತಾನಾಗಿಯೇ ಕಳಚಿಕೊಂಡಿತು. ಒಂದೊಂದು ಬಿದ್ದಂತೆ ಸೈಕಲ್ಲು ಹಗುರಾಯಿತು. ಗುಡ್ಡದ ನೆತ್ತಿಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಲಂಬಾಣಿ ಹೆಂಗಸೊಬ್ಬಳು ಕುಡುಗೋಲು ಎತ್ತಿ ಕೂಗಿದಳು. "ಏ ಬಾಯಿ! ನಿನ್ನ ಸೀಟ್ ಎಲ್ಲೋ ಬಿದ್ದದ ನೋಡು!"

"ಬಿದ್ದಿಲ್ಲ, ಬಾಜೂ ಮನ್ಯಾಗ ಅದ!" ಎಂದು ಕೂಗಿ ನಾನು ಇಳಿಜಾರು ಹಿಡಿದೆ.

ಇಳಿಜಾರಿನಲ್ಲಿ ಆ ಢೀಲಾ ಫೋರ್ಕಿನ ಗುಟ್ಟು ತಿಳಿಯಿತು. ಕಲ್ಲು ಬಂದರೆ ತಾನೇ ಕುಗ್ಗಿ ನನ್ನ ಕೈಯನ್ನು ಕಾಪಾಡುತ್ತಿತ್ತು. ಮೈಯನ್ನು ಹಿಂದಕ್ಕೆ ಜಗ್ಗಿದರೆ ಚಕ್ರ ಮುಗ್ಗರಿಸುತ್ತಿರಲಿಲ್ಲ, ಜಗ್ಗಲು ಸೀಟಿನ ಅಡ್ಡಿ ಇರಲಿಲ್ಲ. ಕ್ಯಾರಿಯರ್ ಹಳ್ಳದಲ್ಲಿ ಕಳಚಿತು, ಸ್ಟ್ಯಾಂಡ್ ಹಳ್ಳದಾಚೆ, ಮಡ್‌ಗಾರ್ಡುಗಳೂ ಮಾಲೆಯೂ ಎಲ್ಲಿ ಬಿದ್ದವೋ ನೋಡಲಿಲ್ಲ. ಭಯವಾಯಿತೇ ಎಂದರೆ ಆಯಿತು. ಆದರೆ ಅಷ್ಟು ಖುಷಿ ಆ ಮೊದಲೂ ಆಗಿರಲಿಲ್ಲ, ಮದುವೆಯ ದಿನವೂ ಆಗಲಿಲ್ಲ. ಶಾಲೆಯಲ್ಲಿ ಮಕ್ಕಳು ಪ್ರಾರ್ಥನೆಗೆ ಸಾಲು ನಿಂತಿದ್ದಾಗ ನಾನು ಅವರ ಮಧ್ಯದಿಂದಲೇ ನುಗ್ಗಿ ಗೋಡೆಗೆ ಕಾಲು ಕೊಟ್ಟು ನಿಂತೆ. ಹೆಡ್ಮಾಸ್ತರರು ನನ್ನನ್ನು ನೋಡಿದರು, ಸೈಕಲ್ಲನ್ನು ನೋಡಿದರು, "ಆರ್ಡರ್ ತಂದೀರೇನ್ರಿ?" ಎಂದರು. ತಂದಿದ್ದೆ. ಶೂಲದ ದಿನ ಶೂಲದ ದಿಕ್ಕಿನಲ್ಲಿ ನಾನು ಹಾಜರಾದೆ.

ಶಾಲೆ ಬಿಡುವ ಹೊತ್ತಿಗೆ ಬಾಗಿಲಲ್ಲಿ ಖಣಖಣ ಸದ್ದಾಯಿತು. ಅಪ್ಪ. ಒಂದು ಬಗಲಲ್ಲಿ ಕ್ಯಾರಿಯರ್, ಇನ್ನೊಂದರಲ್ಲಿ ಚೈನ್ ಕವರ್, ಕೈಯಲ್ಲಿ ಗಂಟೆ ಮತ್ತು ದೀಪ, ಕೊರಳಲ್ಲಿ ಸೈಕಲ್ಲಿನ ಸೇವಂತಿಗೆ ಮಾಲೆ, ಕೈ ಖಾಲಿ ಇರಲಿಲ್ಲವೆಂದು ಹಾಕಿಕೊಂಡದ್ದು. ಹಿಂದೆ ಮಾಮಾ ಸ್ಟ್ಯಾಂಡನ್ನೂ ಮಡ್‌ಗಾರ್ಡುಗಳನ್ನೂ ಹೊತ್ತು ಕುಂಟುತ್ತಿದ್ದ. ಮಕ್ಕಳು ಯಾರೋ ಸಾಹೇಬರು ಬಂದರೆಂದು ಎದ್ದು ನಿಂತು ನಮಸ್ಕಾರ ಹೇಳಿದವು. ದಾರಿಯುದ್ದಕ್ಕೂ ಒಂದೊಂದು ಸಾಮಾನು ಸಿಕ್ಕಂತೆ ಮುಂದೆ ನಾನು ಸಿಗುತ್ತೇನೆಂದು ಹೆದರುತ್ತ ಬಂದಿದ್ದರಂತೆ.

"ಸೀಟ್ ಇಲ್ಲದ ಇಷ್ಟು ದೂರ ಹ್ಯಾಂಗ ಬಂದಿಯವಾ?"

"ನಾ ಯಾವಾಗರ ಸೀಟಿನ ಮ್ಯಾಲ ಕುಂತೀನೇನಪ್ಪಾ?"

ಅಪ್ಪ ಎಲ್ಲವನ್ನೂ ಫರ್ಸಿಕಲ್ಲಿನ ನೆಲದ ಮೇಲೆ ಇಳಿಸಿ ಕೊನೆಯ ಮಣೆಯ ಮೇಲೆ ಮಕ್ಕಳ ಜೊತೆ ಕೂತರು. ನೀರು ತರಿಸಿಕೊಟ್ಟೆ. ಪೂರಾ ಕುಡಿದು ಶಲ್ಯದಿಂದ ಬಾಯಿ ಒರೆಸಿಕೊಂಡರು. ಆಮೇಲೆ, "ಸೋಮವಾರ ಶಾಲಿ ಎಷ್ಟಕ್ಕ?" ಎಂದರು.

"ಸೋಮವಾರನೂ ಶೂಲ ಅಲ್ಲೇನು?"

"ನಿನ್ನ ಪ್ರಸ್ಥಾನ ಇನ್ನಾ ಬಾಜೂ ಮನ್ಯಾಗ ಅದ. ಅದು ಅಲ್ಲಿರೂತನಕ ನೀ ಹೊಂಟೇ ಇರ್ತಿ. ನಿನಗ ಯಾ ಶೂಲ ತಾಗತದ?"

ಸೇಡಂನಿಂದ ಕಾಕು ಬಾಣಂತನದ ಕಥೆಗಳೊಂದಿಗೆ ಮರಳಿ ಸೀಟನ್ನು ಕೊಡಲು ಬಂದಾಗ ಅಪ್ಪ ಕೈ ಮುಗಿದು, ಅಲ್ಲೇ ಇರಲಿ ಎಂದರು. ನನಗೆ ಬೇರೆ ಸೀಟು ತರಿಸಿ ಹಾಕಿಸಿದರು. ನಾನು ಅದರ ಮೇಲೆ ಕೂತು, ಏರಿನಲ್ಲಿ ಎದ್ದು ನಿಂತು, ವರ್ಷಗಟ್ಟಲೆ ಆ ಗುಡ್ಡ ದಾಟಿದೆ. ಹಳೆಯ ಸೀಟಿಗೆ ಕಾಕು ಸೋಮವಾರ ಸೋಮವಾರ ವಿಭೂತಿ ಹಚ್ಚುತ್ತಿದ್ದರು. ಆಮೇಲೆ ನನಗೆ ಸೇಡಂಗೆ ವರ್ಗವಾಯಿತು, ಓಡಾಟ ಬಸ್ಸಿನಲ್ಲಿ. ಸೈಕಲ್ಲಿನ ಕೆಲಸ ಮುಗಿದಿತ್ತು. ಹೊರಡುವ ಹಿಂದಿನ ದಿನ ಅಪ್ಪ ಮೂಡಲ ಮನೆಗೆ ಹೋಗಿ ಸೀಟನ್ನು ಇಸಿದುಕೊಂಡರು. ಅದನ್ನು ಶಲ್ಯದಲ್ಲಿ ಒರೆಸುತ್ತ, ಸೇಡಂ ಇರುವುದು ದಕ್ಷಿಣಕ್ಕಲ್ಲವೇ ಎಂದು ನನ್ನನ್ನು ಮತ್ತೊಮ್ಮೆ ಕೇಳಿ, ದಕ್ಷಿಣದ ಮನೆಯವರ ಬಾಗಿಲು ಬಡಿದರು.